ಕಟ್ಟಿಗೆ ಬಿರಿಯುವದೇಕೆ?

ಚೈತ್ರ ಮಾಸದ ಕೊನೆಯಲ್ಲಿ ಸಿಂದಗಿ ತಾಲೂಕಿನ ಕನ್ನೊಳ್ಳಿಯ ಹೊಲಗಳನ್ನು ನೋಡಿದವರಿಗೆ ಬಿರುಕೆಂದರೇನೆಂಬುದನ್ನು ಬೇರೆ ಹೇಳಿಕೊಡಬೇಕಾದುದಿಲ್ಲ. ಹಿಂಗಾರಿ ಜೋಳದ ಕೂಳೆ ನಿಂತ ಎರೆಭೂಮಿಯು ಬಿಸಿಲಿನ ಝಳಕ್ಕೆ ತನ್ನಲ್ಲಿದ್ದ ನೀರನ್ನೆಲ್ಲ ಕಳೆದುಕೊಂಡು, ಬಾಯ್ದೆರೆದು ಮಲಗಿರುತ್ತದೆ. ಕೈಯಿಟ್ಟರೆ ಕೈ ಹಿಡಿಸುವಷ್ಟು ಅಗಲವಾದ ಸೀಳುಗಳು ಅಲ್ಲಲ್ಲಿ ಕಾಣುತ್ತವೆ. ಇದನ್ನು ಕಂಡು ಒಕ್ಕಲಿಗನನ್ನು ಬೈಯುವವರು ಯಾರೂ ಇಲ್ಲ. ಭೂಮಿಯ ಗುಣವೇ ಹಾಗೆಂದು ಎಲ್ಲರೂ ಸುಮ್ಮನಿರುವರು. ಆದರೆ ಅದೇ ತಿಂಗಳಲ್ಲಿ ಮನೆಯ ತಲೆಬಾಗಿಲ ಚೌಕಟ್ಟು ಬಿರಿದರೆ ಬಡಿಗನಿಗೆ ಬೈಗಳು ತಪ್ಪುವದಿಲ್ಲ.

ನಮ್ಮ ಸೋದರಮಾವನವರ ಮನೆಯಲ್ಲಿ ಆದದ್ದೂ ಇದೇ. ಅವರು ಕನ್ನೊಳ್ಳಿಯ ಹಳೆಯ ಮನೆಯ ಮುಂಭಾಗವನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸಿದರು. ಸಾಗವಾನಿಯ ಬೆಲೆಯನ್ನು ಕೇಳಿ ಎದೆಗುಂದಿ, ದೊಡ್ಡ ಪಟ್ಟಣವೊಂದರ ಅಂಗಡಿಯಿಂದ ಪರದೇಶದ ಪೈನ್ ಮರವನ್ನು ತರಿಸಿದರು. ಶ್ರಾವಣದಲ್ಲಿ ಮರವು ಬಂದಿತು. ದೀಪಾವಳಿಗೆ ಮೊದಲೇ ಚೌಕಟ್ಟುಗಳು ನಿಂತವು. ಮಾಘದಲ್ಲಿ ಗೃಹಪ್ರವೇಶವೂ ಆಯಿತು. ಹಾಲಿನ ಕೆನೆಯಂಥ ಬಣ್ಣದ ಮೇಲೆ ಜೇನಿನ ಬಣ್ಣದ ಗೆರೆಗಳು ಹೊಳೆಯುವ ಆ ಬಾಗಿಲನ್ನು ನೋಡಿ ಊರ ಜನರು ಮೆಚ್ಚಿದರು. ಯುಗಾದಿಯ ಬೇವು ಬೆಲ್ಲ ತಿಂದ ಎಂಟು ದಿವಸಗಳೊಳಗಾಗಿ ಬಲಗಡೆಯ ನಿಲುವಿನಲ್ಲಿ ಕೂದಲೆಳೆಯಷ್ಟು ಗೆರೆ ಕಾಣಿಸಿತು. ತಿಂಗಳು ತುಂಬುವಷ್ಟರಲ್ಲಿ ಅದರಲ್ಲಿ ನಾಲ್ಕಾಣೆಯ ಹಳೆಯ ನಾಣ್ಯವು ಅಂಚಿನಿಂದ ಇಳಿಯುವಂತಾಯಿತು. ಬಾಗಿಲಿನ ಹಲಗೆಗಳೆರಡು ನಡುವೆ ಸೀಳಿದವು. ಲಗ್ನಕ್ಕೆ ಬಂದ ಮಗಳಿದ್ದ ಮನೆ. ತಲೆಬಾಗಿಲು ಸೀಳಿತೆಂಬುದು ಅತ್ತೆಯವರ ಮನಸ್ಸಿಗೆ ಬಹಳ ಹತ್ತಿತು. ಬಡಿಗನ ಕೂಲಿಯಲ್ಲಿ ಉಳಿದ ಬಾಕಿಯನ್ನು ಕೊಡುವದಿಲ್ಲವೆಂದು ಮಾವನವರು ಹಟ ಹಿಡಿದರು.

ನಾನು ಹೋದ ದಿವಸ ಕಟ್ಟೆಯ ಮೇಲೆ ಇದೇ ವಾದ ನಡೆದಿತ್ತು. "ಮೂವತ್ತು ವರ್ಷ ಕಸಬು ಮಾಡಿದಾವಗ ಕಟ್ಟಿಗಿ ಬಿರಿಯದಂಗ ನೋಡಿಕೊಳ್ಳೂದು ಗೊತ್ತಾಗಲಿಲ್ಲೇನು?" ಎಂದರು ಮಾವನವರು. ಬಡಿಗನು ಸಮಾಧಾನದಿಂದಲೇ ಉತ್ತರ ಕೊಟ್ಟನು: "ಕಟ್ಟಿಗಿ ಹಸಿ ಅದರಿ ಯಜಮಾನರ, ನೆಳ್ಳಾಗ ಒಂದು ಬ್ಯಾಸಗಿ ಕಳೀಲಿ ಅಂತ ಶ್ರಾವಣದಾಗೇ ಹೇಳಿದ್ದೆ. ಮುಹೂರ್ತ ಅದ ಅಂದ್ರಿ."

ಯಾರ ಮಾತು ಸರಿಯೆಂಬುದನ್ನು ಗೊತ್ತುಮಾಡಬೇಕಾದರೆ ಕಟ್ಟಿಗೆಯ ಒಳಗನ್ನೇ ನೋಡಬೇಕು. ನಾನು ಕಾಷ್ಠಶಾಸ್ತ್ರವನ್ನು ವ್ಯಾಸಂಗ ಮಾಡಿದವನಲ್ಲ. ಆದರೂ ಓದಿ ಕೇಳಿ ತಿಳಿದುಕೊಂಡುದನ್ನು, ಮನೆ ಕಟ್ಟಿಸುವ ನಮ್ಮಂಥವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಚೌಕಟ್ಟಿನಲ್ಲಿ ಉಳಿದ ಒಂದು ಗೇಣುದ್ದದ ತುಂಡನ್ನು ತೆಗೆದುಕೊಂಡು ಅದರ ತುದಿಯನ್ನು ಹರಿತವಾದ ಉಳಿಯಿಂದ ನುಣುಪು ಮಾಡಿ ಭೂತಗನ್ನಡಿಯಿಂದ ನೋಡಿರಿ. ನಡುವೆ ತಿರುಳು; ಅದರ ಸುತ್ತಲೂ ಬಳೆಯ ಹೊರಗೆ ಬಳೆ ಇಟ್ಟಂತೆ ವರ್ಷದ ಉಂಗುರಗಳು. ಒಂದೊಂದು ಬಳೆಯಲ್ಲಿಯೂ ಎರಡು ಪಾಲುಗಳಿವೆ: ಬೆಳವಣಿಗೆಯ ಕಾಲದ ಆರಂಭದಲ್ಲಿ ಬೇಗಬೇಗನೆ ಬೆಳೆದ ತಿಳಿಬಣ್ಣದ ಮೆದು ಪಾಲು ಒಂದು, ಕಾಲದ ಕೊನೆಗೆ ನಿಧಾನವಾಗಿ ಬೆಳೆದ ಕಂದುಬಣ್ಣದ ಗಟ್ಟಿ ಪಾಲು ಇನ್ನೊಂದು. ಜೇನಿನ ಬಣ್ಣದ ಗೆರೆಗಳೆಂದು ಜನರು ಮೆಚ್ಚಿದುದು ಈ ಗಟ್ಟಿ ಪಾಲನ್ನೇ.

ಇನ್ನು ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿದರೆ ಕಟ್ಟಿಗೆಯು ಒಂದು ಘನವಾದ ವಸ್ತುವೇ ಅಲ್ಲವೆಂದು ತಿಳಿಯುವದು. ಅದು ಜೋಳದ ಕಣಿಕೆಯ ಹೊರೆಯನ್ನು ನೆಟ್ಟಗೆ ನಿಲ್ಲಿಸಿದಂತೆ ಅಸಂಖ್ಯ ನಳಿಗೆಗಳ ಕಟ್ಟು. ಪೈನ್ ಮರದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಈ ನಳಿಗೆಗಳೇ. ಒಂದೊಂದರ ಉದ್ದ 3–4 ಮಿಲಿಮೀಟರು; ಅಗಲವು ಒಂದು ಮಿಲಿಮೀಟರಿನಲ್ಲಿ ಸುಮಾರು ಮೂವತ್ತನೆಯ ಒಂದು ಪಾಲು. ಎರಡೂ ತುದಿಗೆ ಮುಚ್ಚಿಕೊಂಡಿರುವ ಇವು ಪಕ್ಕದ ಗೋಡೆಗಳಲ್ಲಿರುವ ಸಣ್ಣ ಕಿಂಡಿಗಳ ಮೂಲಕ ಒಂದರಿಂದೊಂದಕ್ಕೆ ನೀರನ್ನು ಕೊಟ್ಟುಕೊಳ್ಳುತ್ತವೆ. ಈ ನಿಂತ ನಳಿಗೆಗಳ ನಡುವೆ, ತೊಗಟೆಯ ಕಡೆಯಿಂದ ತಿರುಳಿನ ಕಡೆಗೆ ಅಡ್ಡಲಾಗಿ, ಬಂಡಿಯ ಗಾಲಿಯ ಅರಗಳಂತೆ ಹಾಯ್ದ ತೆಳುವಾದ ಪಟ್ಟಿಗಳಿವೆ. ಇವುಗಳನ್ನು ಶಾಸ್ತ್ರಜ್ಞರು ಕಿರಣಗಳೆನ್ನುವರು. ಪೈನಿನಲ್ಲಿ ಇವು ಬಹುಮಟ್ಟಿಗೆ ಒಂದೇ ಜೀವಕೋಶದಷ್ಟು ತೆಳುವು, ಬರಿಗಣ್ಣಿಗೆ ಕಾಣವು. ಕೆಲಕೆಲವು ಕಿರಣಗಳಲ್ಲಿಯೂ ನಳಿಗೆಗಳ ನಡುವೆಯೂ ರಾಳವನ್ನೊಯ್ಯುವ ಕಾಲುವೆಗಳುಂಟು. ಪೈನಿಗೆ ಆ ಪರಿಮಳ ಬರುವದು ಇವುಗಳಿಂದಲೇ.

ಹಸಿಯ ಮರದಲ್ಲಿ ನೀರು ಎರಡು ಎಡೆಗಳಲ್ಲಿರುತ್ತದೆ. ನಳಿಗೆಯ ಟೊಳ್ಳಿನಲ್ಲಿ ತುಂಬಿದ ನೀರು ಒಂದು. ನಳಿಗೆಯ ಗೋಡೆಯಲ್ಲಿಯೇ ಹೀರಿಕೊಂಡಿರುವ ನೀರು ಇನ್ನೊಂದು. ಆಗ ಕಡಿದ ಪೈನಿನ ಹೊರಭಾಗದ ಬಿಳಿಮರದಲ್ಲಿ, ಒಣ ಕಟ್ಟಿಗೆಯ ತೂಕವು ನೂರಾದರೆ ನೀರಿನ ತೂಕವು ನೂರನ್ನು ಮೀರಿರುವದೂ ಉಂಟು. ಮೊದಲು ಹೋಗುವದು ಟೊಳ್ಳಿನ ನೀರು. ಬಿಂದಿಗೆಯ ನೀರನ್ನು ಚೆಲ್ಲಿದರೆ ಬಿಂದಿಗೆಯು ಕುಗ್ಗುವದಿಲ್ಲವಷ್ಟೆ? ಹಾಗೆಯೇ ಈ ನೀರು ಹೋದರೆ ಕಟ್ಟಿಗೆಯು ಹಗುರಾಗುವದೇ ಹೊರತು ಸಣ್ಣದಾಗುವದಿಲ್ಲ. ಆದರೆ ನೀರಿನ ಪ್ರಮಾಣವು ನೂರಕ್ಕೆ ಸುಮಾರು 28ರ ಮಟ್ಟಕ್ಕೆ ಇಳಿದ ಮೇಲೆ ಟೊಳ್ಳು ಬರಿದಾಗಿ ಗೋಡೆಯ ನೀರು ಹೋಗತೊಡಗುತ್ತದೆ. ಕಟ್ಟಿಗೆಯು ಕುಗ್ಗುವದು ಆಗ.

ಆ ಗೋಡೆಯ ರಚನೆಯೂ ವಿಚಿತ್ರವಾದದ್ದು. ಬಹು ನವುರಾದ ಎಳೆಗಳನ್ನು ಹಗ್ಗ ಹೊಸೆದಂತೆ ಉದ್ದಕ್ಕೆ, ತುಸುವೇ ಓರೆಯಾಗಿ, ಸುತ್ತಿ ಅದನ್ನು ಮಾಡಲಾಗಿದೆ. ನೀರು ಈ ಎಳೆಗಳ ನಡುವೆ ಸೇರಿಕೊಂಡು ಅವುಗಳನ್ನು ದೂರದೂರ ಹಿಡಿದಿರುತ್ತದೆ. ಅದು ಹೋದೊಡನೆ ಎಳೆಗಳು ಒಂದಕ್ಕೊಂದು ಸಮೀಪಿಸುತ್ತವೆ. ಎಳೆಗಳು ಹತ್ತಿರ ಬಂದರೆ ಹಗ್ಗವು ತೆಳುವಾಗುವದಲ್ಲದೆ ಗಿಡ್ಡಾಗುವದಿಲ್ಲ. ಆದುದರಿಂದಲೇ ಏಳಡಿಯ ನಿಲುವು ಪೂರ್ಣವಾಗಿ ಒಣಗಿದರೂ ಉದ್ದದಲ್ಲಿ ಎರಡು ನಾಲ್ಕು ಮಿಲಿಮೀಟರು ಮಾತ್ರವೇ ಕಡಿಮೆಯಾದೀತು. ಅಡ್ಡಗಲದಲ್ಲಿಯಾದರೋ ಅದರ ಹತ್ತಾರು ಪಟ್ಟು ಪ್ರಮಾಣದಲ್ಲಿ ಕುಗ್ಗುವದು.

ಬಿರುಕಿನ ಗುಟ್ಟು ಇರುವದು ಈ ಅಡ್ಡಗಲದಲ್ಲಿ. ಅದು ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗಿದ್ದರೆ ಮರವು ಚೊಕ್ಕವಾಗಿ ಸಣ್ಣದಾಗಿ ಸುಮ್ಮನಿರುತ್ತಿತ್ತು. ಹಾಗಾಗುವದಿಲ್ಲ. ಹಸಿಯಿಂದ ಪೂರ್ಣ ಒಣಗುವವರೆಗೆ ಸಾಮಾನ್ಯವಾದ ಪೈನ್ ಮರವು ತಿರುಳಿನಿಂದ ತೊಗಟೆಯ ಕಡೆಗೆ, ಅಂದರೆ ಅರಗಳ ದಿಕ್ಕಿನಲ್ಲಿ, ನೂರಕ್ಕೆ ಸುಮಾರು 4 ಪಾಲು ಕುಗ್ಗಿದರೆ ಬಳೆಗಳ ಸುತ್ತಿನಲ್ಲಿ ಸುಮಾರು 7 ಪಾಲು ಕುಗ್ಗುತ್ತದೆ. ಏಕೆಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಯಾವುದು ಎಷ್ಟು ಮುಖ್ಯವೆಂಬ ಬಗ್ಗೆ ಶಾಸ್ತ್ರಜ್ಞರಲ್ಲಿ ಇನ್ನೂ ಚರ್ಚೆಯಿದೆ. ಕಿರಣಗಳು ತಾವು ಹಾಯ್ದ ದಿಕ್ಕಿನಲ್ಲಿ ಕುಗ್ಗಲೊಲ್ಲದೆ ಮರವನ್ನು ತಡೆದು ಹಿಡಿಯುವವೆಂಬುದು ಒಂದು. ಬಳೆಯ ಗಟ್ಟಿ ಪಾಲು ಹೆಚ್ಚು ಕುಗ್ಗುವಂಥದು. ಅದು ತನ್ನ ಸುತ್ತಿನಲ್ಲಿ ಕುಗ್ಗುವಾಗ ತನಗಂಟಿಕೊಂಡ ಮೆದು ಪಾಲನ್ನೂ ಜೊತೆಗೆ ಎಳೆದುಕೊಂಡು ಹೋಗುವದೆಂಬುದು ಇನ್ನೊಂದು. ಪೈನಿನ ಕಿರಣಗಳು ತೀರ ತೆಳುವಾದುದರಿಂದ ಅದರ ಮಟ್ಟಿಗೆ ಎರಡನೆಯ ಕಾರಣವೇ ಬಲವಾದದ್ದೆಂದು ತೋರುತ್ತದೆ.

ಏಳಕ್ಕೂ ನಾಲ್ಕಕ್ಕೂ ಇರುವ ಈ ಅಂತರದಿಂದ ಆಗುವದೇನು? ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಹಾಕುವದನ್ನು ಕಂಡ ಹಿರಿಯರು ಇನ್ನೂ ನಮ್ಮಲ್ಲಿದ್ದಾರೆ. ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ ಗಾಲಿಗೆ ತೊಡಿಸಿ ನೀರು ಹೊಯ್ಯುವರು. ಪಟ್ಟಿಯು ಕುಗ್ಗುತ್ತದೆ, ಅರಗಳು ಕುಗ್ಗಲೊಲ್ಲವು; ಆದುದರಿಂದ ಪಟ್ಟಿಯು ಗಾಲಿಯನ್ನು ಬಿಗಿದಪ್ಪುತ್ತದೆ. ಕಬ್ಬಿಣವು ಎಳೆತವನ್ನು ತಾಳಬಲ್ಲದಾದ್ದರಿಂದ ಹರಿಯುವದಿಲ್ಲ. ಒಣಗುವ ದಿಮ್ಮಿಯಲ್ಲಿ ಒಂದೊಂದು ಬಳೆಯೂ ಇಂಥ ಕಾಸಿದ ಪಟ್ಟಿಯೇ. ಅದು ಏಳು ಪಾಲು ಕುಗ್ಗಬೇಕೆನ್ನುತ್ತದೆ. ಒಳಗಿನ ಅರಗಳು ನಾಲ್ಕು ಪಾಲಿಗಿಂತ ಹೆಚ್ಚು ಜಾಗ ಬಿಡವು. ಆದರೆ ಇದು ಕಬ್ಬಿಣವಲ್ಲ. ಉದ್ದಕ್ಕೆ ಎಳೆದರೆ ಬಹಳ ಭಾರವನ್ನು ತಾಳುವ ಕಟ್ಟಿಗೆಯು ಅಡ್ಡಕ್ಕೆ ಎಳೆದರೆ ಬಲು ಬೇಗ ಸೋಲುತ್ತದೆ. ಕೊಡಲಿಯ ಒಂದೇ ಏಟಿಗೆ ಸೌದೆಯು ಉದ್ದುದ್ದ ಸೀಳುವದು ಇದರಿಂದಲೇ. ಆದುದರಿಂದ ಬಳೆಯು ಹರಿಯುತ್ತದೆ. ಹರಿದ ಗೆರೆಯು ಕಿರಣದ ದಾರಿಯನ್ನೇ ಹಿಡಿದು ತೊಗಟೆಯಿಂದ ತಿರುಳಿನ ಕಡೆಗೆ ಸಾಗುತ್ತದೆ.

ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು. ಒಂದಡಿ ಅಡ್ಡಗಲದ ದುಂಡು ದಿಮ್ಮಿಯ ಸುತ್ತಳತೆ ಸುಮಾರು 37.7 ಇಂಚು. ಅದು ಪೂರ್ಣವಾಗಿ ಒಣಗಿದಾಗ ಅರಗಳ ಅಳತೆಗೆ ಸರಿಹೋಗಲು 36.2 ಇಂಚು ಬಳೆ ಬೇಕು. ಕುಗ್ಗಿ ಉಳಿದದ್ದು 35.1 ಇಂಚು ಮಾತ್ರ. ಕೊರತೆ ಬಿದ್ದ ಒಂದಿಂಚಿಗೂ ಮಿಕ್ಕ ಜಾಗವೇ ಬಿರುಕು. ಒಂದೇ ಬಿರುಕಾದರೆ ಅದು ಹಬ್ಬದ ಹೋಳಿಗೆಯಿಂದ ಒಂದು ತುಣುಕನ್ನು ಕೊಯ್ದು ತೆಗೆದಂತೆ ಕಾಣುವದು; ಹಲವಾದರೆ ಹಂಚಿಕೊಳ್ಳುವವು. ಬಡಿಗನು ಎಷ್ಟೇ ಜಾಣನಿರಲಿ, ತಿರುಳನ್ನು ನಡುವೆ ಇಟ್ಟುಕೊಂಡ ಮರಕ್ಕೆ ಈ ಕೊರತೆಯನ್ನು ತಪ್ಪಿಸುವದು ಬಹಳ ಕಠಿಣ. ಮಾವನವರ ಮನೆಯ ಚೌಕಟ್ಟಿನ ತುಂಡಿನಲ್ಲಿ ತಿರುಳು ನಟ್ಟನಡುವೆಯೇ ಇತ್ತು.

ಎರೆಭೂಮಿಗೂ ಕಟ್ಟಿಗೆಗೂ ಭೇದವಿರುವದು ಇಲ್ಲಿಯೇ. ಮಣ್ಣಿಗೆ ಎಳೆಯೆಂಬುದಿಲ್ಲ, ಅದು ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಸೋಲುವದರಿಂದ ಬಿರುಕುಗಳು ಜಾಲದಂತೆ ಹೆಣೆದುಕೊಳ್ಳುತ್ತವೆ. ಕಟ್ಟಿಗೆಯ ಬಿರುಕಿಗೆ ಹುಟ್ಟಿನಿಂದಲೇ ಗೊತ್ತಾದ ದಾರಿಯುಂಟು. ಆದರೆ ಒಂದು ವಿಷಯದಲ್ಲಿ ಇವೆರಡೂ ಅಣ್ಣತಮ್ಮಂದಿರು. ಹೊಲದಲ್ಲಿ ಮೇಲಿನ ಮಣ್ಣು ಒಣಗಿ ಕುಗ್ಗುವಾಗ ಮೊಳದಾಳದ ಮಣ್ಣು ಇನ್ನೂ ತಂಪಾಗಿ, ಉಬ್ಬಿಕೊಂಡೇ ಇರುತ್ತದೆ. ಅದಕ್ಕಾಗಿ ಮೇಲ್ಪದರು ಸೀಳುತ್ತದೆ. ಮರದಲ್ಲಿಯೂ ಹೊರಮೈಯ ನೀರು ಗಾಳಿಗೆ ಹಾರಿಹೋಗಿ ಅದು ಕುಗ್ಗಬೇಕೆಂದರೆ, ಹಸಿಯಾದ ಒಳಮೈಯು ಬಿಡುವದಿಲ್ಲ. ಹೊರಮೈಯು ಎಳೆದು ಹಿಡಿದ ಚರ್ಮದಂತಾಗಿ ನೂರಾರು ಸಣ್ಣ ಗೆರೆಗಳಾಗಿ ಬಿರಿಯುವದು. ಒಣಗುವಿಕೆಯು ಎಷ್ಟು ಅವಸರದ್ದೋ ಈ ಜಗ್ಗಾಟವು ಅಷ್ಟು ಹೆಚ್ಚು. ಮೇಲಾಗಿ ತುದಿಗಳ ಗತಿಯೇ ಬೇರೆ. ನಳಿಗೆಗಳು ತುದಿಯಲ್ಲಿ ಕೊಯ್ದ ಬಾಯಿಗಳಾಗಿ ತೆರೆದಿರುವದರಿಂದ ನೀರು ಉದ್ದಕ್ಕೆ ಹರಿಯುವದು ಅಡ್ಡಕ್ಕೆ ಹರಿಯುವದಕ್ಕಿಂತ ಹತ್ತು ಹದಿನೈದು ಪಟ್ಟು ಸುಲಭ. ಅಡತಿಗಳಲ್ಲಿ ಬಿದ್ದ ಎಲ್ಲ ದಿಮ್ಮಿಗಳೂ ಮೊದಲು ತುದಿಯಲ್ಲಿ ಬಿರಿದಿರುವದನ್ನು ವಾಚಕರು ನೋಡಿರಬಹುದು.

ಈಗ ನಮ್ಮ ಸೀಮೆಯ ಗಾಳಿಯ ಮಾತು. ಕಟ್ಟಿಗೆಯು ತನ್ನ ಸುತ್ತಲಿನ ಗಾಳಿಯೊಡನೆ ಸದಾ ನೀರಿನ ವ್ಯವಹಾರವನ್ನು ನಡೆಸಿಯೇ ಇರುತ್ತದೆ. ಮಳೆಗಾಲದ ತೇವವುಳ್ಳ ಗಾಳಿಯಲ್ಲಿ ನೂರಕ್ಕೆ 14–15 ಪಾಲು ನೀರನ್ನು ಇಟ್ಟುಕೊಂಡು ತೃಪ್ತಿಯಿಂದಿರುವ ಅದೇ ಹಲಗೆಯು, 40 ಡಿಗ್ರಿ ಉಷ್ಣವೂ ನೂರಕ್ಕೆ 20ರಷ್ಟೇ ಆರ್ದ್ರತೆಯೂ ಇರುವ ಗಾಳಿಯಲ್ಲಿ ಬಹುದಿನವಿದ್ದರೆ 4–5 ಪಾಲಿಗೆ ಇಳಿಯುವದು. ವಿಜಯಪುರ ಜಿಲ್ಲೆಯ ಚೈತ್ರ ವೈಶಾಖಗಳ ಮಧ್ಯಾಹ್ನಗಳು ಇಂಥವೇ. ಒಂಬತ್ತಿಂಚು ಅಗಲದ ಪೈನ್ ಹಲಗೆಯು, ಬಳೆಗಳು ಅಗಲಕ್ಕೆ ಮಲಗಿದ ಜಾತಿಯದಾದರೆ, 15ರಿಂದ 5ಕ್ಕೆ ಇಳಿಯುವಾಗ ಹತ್ತಿರ ಹತ್ತಿರ ಕಾಲು ಇಂಚು ಕುಗ್ಗುವದು. ಬಳೆಗಳು ನಿಂತಂತೆ ಕೊಯ್ದ ಹಲಗೆಯಾದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಕರಾವಳಿಯ ಮನೆಯಲ್ಲಿ ಹತ್ತು ವರ್ಷ ನೆಟ್ಟಗಿದ್ದ ಕಪಾಟವು ಇಲ್ಲಿಗೆ ಬಂದ ಮೊದಲನೆಯ ಬೇಸಿಗೆಯಲ್ಲಿಯೇ ಬಾಯಿ ಬಿಡುವದರಲ್ಲಿ ಮಾಟ ಮಂತ್ರವೇನೂ ಇಲ್ಲ. ಭಾರತೀಯ ಮಾನಕದಲ್ಲಿಯೂ ದೇಶವನ್ನು ಹವೆಯ ತೇವಕ್ಕನುಸಾರವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಒಣ ಸೀಮೆಗೆ ಹೆಚ್ಚು ಒಣಗಿದ ಕಟ್ಟಿಗೆ ಬೇಕೆಂದು ಗೊತ್ತುಮಾಡಿದ್ದಾರೆ. ಅಂಗಡಿಯಲ್ಲಿ ಇದನ್ನು ಕೇಳುವ ಗಿರಾಕಿಗಳು ಎಷ್ಟು ಮಂದಿ?

ಪೈನೆಂಬುದು ನಮ್ಮ ಸಹ್ಯಾದ್ರಿಯ ಸಹಜವಾದ ಮರವಲ್ಲ. ಹಿಮಾಲಯದ ತಪ್ಪಲಿನ ಚಿಲ್ ಪೈನಿಗೆ ಸಂಸ್ಕೃತದಲ್ಲಿ ಸರಲವೆಂಬ ಹೆಸರುಂಟು. ಈಗ ಗುಜರಾತದ ಕಾಂಡ್ಲಾ ಬಂದರದ ಮೂಲಕ ರಾಶಿರಾಶಿಯಾಗಿ ಬರುವದು ನ್ಯೂಝೀಲಂಡದ ರೇಡಿಯಾಟಾ ಪೈನು. ಅದರ ಮೂಲಸ್ಥಾನವು ಕ್ಯಾಲಿಫೋರ್ನಿಯಾದ ಕಡಲ ತೀರ; ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಝೀಲಂಡಕ್ಕೆ ಹೋಗಿ ಅಲ್ಲಿ ತೋಟದ ಬೆಳೆಯಾಯಿತು. ಸುಮಾರು 25–30 ವರ್ಷಗಳಿಗೆಲ್ಲ ಅದನ್ನು ಕಡಿಯುತ್ತಾರೆ. ಬೇಗ ಬೆಳೆದ ಮರದಲ್ಲಿ ಬಳೆಗಳು ಅಗಲ. ತಿರುಳಿನ ಸುತ್ತಲಿನ ಮೊದಲ ಕೆಲವು ಬಳೆಗಳಲ್ಲಿ ಗೋಡೆಯ ಎಳೆಗಳು ಹೆಚ್ಚು ಓರೆಯಾಗಿರುವದರಿಂದ ಆ ಭಾಗವು ಉದ್ದದಲ್ಲಿಯೂ ಕುಗ್ಗಿ ಹಲಗೆಯನ್ನು ಸೊಟ್ಟ ಮಾಡುವದು. ಹೀಗೆಂದು ಪೈನನ್ನು ನಾನು ನಿಂದಿಸಲಾರೆ. ಅದು ಬೇಗನೆ ಒಣಗುವ, ಸುಲಭವಾಗಿ ಕೆಲಸಕ್ಕೆ ಒಗ್ಗುವ ಸಾಧು ಮರ.

ಹಾಗಾದರೆ ಅಜ್ಜನ ಕಾಲದ ಸಾಗವಾನಿಯ ಬಾಗಿಲು ಬಿರಿಯಲಿಲ್ಲವೇಕೆ? ಅಂಕೆಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಸಾಗವಾನಿಯು ಅರಗಳ ದಿಕ್ಕಿಗೆ ನೂರಕ್ಕೆ ಸುಮಾರು 2.5, ಬಳೆಗಳ ದಿಕ್ಕಿಗೆ 5.8 ಕುಗ್ಗುವದು, ಎರಡರ ಅಂತರವು ಪೈನಿಗಿಂತ ಕಡಿಮೆಯೇನೂ ಅಲ್ಲ. ಅದರಲ್ಲಿ ಎಣ್ಣೆಯಂಶವಿರುವದರಿಂದ ಅದು ನೀರನ್ನು ಹೀರುವದೂ ಬಿಡುವದೂ ನಿಧಾನ, ನಿಜ. ಆದರೆ ಹೊಗಳಿಕೆಯ ಅರ್ಧ ಪಾಲು ಸಲ್ಲಬೇಕಾದದ್ದು ಹಿಂದಿನವರ ತಾಳ್ಮೆಗೆಂದು ನನ್ನ ಅಭಿಪ್ರಾಯ. ಬ್ರಹ್ಮದೇಶದಲ್ಲಿ ನಿಂತ ಸಾಗವಾನಿಯ ಬುಡಕ್ಕೆ ಸುತ್ತಲೂ ಕಚ್ಚು ಹಾಕಿ, ಅದು ನಿಂತಲ್ಲಿಯೇ ಎರಡು ಮೂರು ವರ್ಷ ಒಣಗಿದ ಮೇಲೆ ಕೆಡಹುತ್ತಿದ್ದರು. ಹಳಿಯಾಳ ದಾಂಡೇಲಿಗಳ ಕಾಡಿನ ದೊಡ್ಡ ದಿಮ್ಮಿಗಳಲ್ಲಿ ತಿರುಳನ್ನು ಬಿಟ್ಟು ಹಲಗೆಗಳನ್ನು ತೆಗೆಯುವಷ್ಟು ಗಾತ್ರವಿತ್ತು. ನಮ್ಮ ಸೀಮೆಯ ಬಡಿಗರು ಬಂಡಿಗೆಂದು ಕಡಿದ ಜಾಲಿಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು, ಆ ಮೇಲೆ ನೆರಳಿನಲ್ಲಿಯೇ ಆರಿಸುತ್ತಿದ್ದರು.

ಅಜ್ಜನ ಬಾಗಿಲನ್ನು ಇನ್ನೊಂದು ಸಂಗತಿಗಾಗಿಯೂ ನೋಡಬೇಕು. ಮಾವನವರ ಮನೆಯ ಹಿತ್ತಲ ಕಡೆಗೆ ಅದು ಇನ್ನೂ ಇದೆ. ಅದರ ನಡುಹಲಗೆಗೆ ಒಂದು ಮೊಳೆಯೂ ಇಲ್ಲ. ಸುತ್ತಲಿನ ಚೌಕಟ್ಟಿನಲ್ಲಿ ತೋಡಿದ ಸಂದಿನಲ್ಲಿ ಅದು ಸಡಿಲಾಗಿ ಕುಳಿತಿದೆ. ಬೇಸಿಗೆಯಲ್ಲಿ ಕುಗ್ಗಲು, ಮಳೆಗಾಲದಲ್ಲಿ ಉಬ್ಬಲು ಅದಕ್ಕೆ ಎಡೆಯುಂಟು. ಹೊಸ ಬಾಗಿಲಿನಲ್ಲಿಯೋ ಹಲಗೆಯ ಎರಡೂ ಅಂಚುಗಳನ್ನು ಅಂಟು ಹಾಕಿ ಮೊಳೆ ಹೊಡೆದು ಭದ್ರಪಡಿಸಲಾಗಿತ್ತು. ಕಾಲು ಇಂಚು ಕುಗ್ಗಬೇಕಾದ ಹಲಗೆಯ ಎರಡು ಕೈಗಳನ್ನು ಕಟ್ಟಿಹಾಕಿದರೆ ಅದು ಎದೆ ಸೀಳಿಕೊಳ್ಳದೆ ಇನ್ನೇನು ಮಾಡೀತು? ಇದು ಮಾತ್ರ ಬಡಿಗನ ತಪ್ಪೇ. ನಾನು ತೋರಿಸಿದಾಗ ಅವನು ಬಹಳ ಹೊತ್ತು ಹಳೆಯ ಬಾಗಿಲನ್ನು ನೋಡಿ, "ನಮ್ಮಪ್ಪ ಮಾಡಿದ್ದರಿ ಇದು" ಎಂದನು.

ಕಟ್ಟಿಗೆಯನ್ನು ಕೊಳ್ಳುವ ಗೃಹಸ್ಥನು ಮಾಡಬಹುದಾದುದು ಹೆಚ್ಚಿನದೇನೂ ಇಲ್ಲ. ದಪ್ಪ ಚೌಕಟ್ಟಿಗೆ ತಿರುಳಿಲ್ಲದ ತುಂಡನ್ನು ಆರಿಸಬೇಕು. ತುದಿಯನ್ನು ನೋಡಿದರೆ ಮಗುವಿಗೂ ಗೊತ್ತಾಗುವದು. ಹಲಗೆಯ ನಡುವಿನಿಂದ ಒಂದು ಸಣ್ಣ ತುಂಡನ್ನು ಕೊಯ್ದು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ನೀರು ಕುದಿಯುವ ಬಿಸಿಗಿಂತ ತುಸು ಹೆಚ್ಚಿನ ಒಣ ಶಾಖದಲ್ಲಿ ಇಟ್ಟು, ತೂಕವು ಇಳಿಯುವದು ನಿಂತ ಮೇಲೆ ಮತ್ತೆ ತೂಗಬೇಕು. 115 ಗ್ರಾಂ ಇದ್ದದ್ದು 100 ಆದರೆ ನೂರಕ್ಕೆ 15 ನೀರಿತ್ತೆಂದರ್ಥ. ಮನೆಗೆ ತಂದ ಹಲಗೆಗಳನ್ನು ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಮೇಲೆ, ಒಂದರ ಮೇಲೊಂದರ ನಡುವೆ ಸಮದಪ್ಪದ ರಿಪುಗಳನ್ನಿಟ್ಟು ಒಟ್ಟಬೇಕು. ರಿಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಹಲಗೆ ಬಾಗುವದು. ತುದಿಗಳಿಗೆ ಡಾಂಬರನ್ನೋ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಬೇಕು. ಸಗಣಿ ಬಳಿಯುವ ಹಳೆಯ ರೂಢಿಯ ಅರ್ಥವೂ ಇದೇ. ಒಂದು ಇಂಚು ದಪ್ಪಕ್ಕೆ ಒಂದು ವರ್ಷವೆಂಬ ಗಾದೆಯಂಥ ಮಾತು ತಂಪು ದೇಶದ್ದು; ನಮ್ಮ ಹವೆಯಲ್ಲಿ ಇಂಚಿನ ಪೈನಿಗೆ ಕೆಲವು ತಿಂಗಳು ಸಾಕು. ನಮ್ಮಲ್ಲಿ ಕಾಯಬೇಕಾದದ್ದು ಒಣಗಲೆಂದಲ್ಲ, ನಿಧಾನವಾಗಿ ಒಣಗಲೆಂದು.

ಕಾರಖಾನೆಗಳಲ್ಲಿ ಒಣಗಿಸುವ ಕೋಣೆಗಳಲ್ಲಿಯೂ ಇದೇ ಧೋರಣೆ. ಬಿಸಿಗಾಳಿಯನ್ನು ಹಾಯಿಸುವಾಗ ಮೊದಮೊದಲು ಅದರಲ್ಲಿ ಬೇಕೆಂದೇ ಆವಿಯನ್ನು ಬೆರೆಸಿ ತೇವವಾಗಿಡುತ್ತಾರೆ. ಒಳಗಿನ ನೀರು ಹೊರಮೈಗೆ ಬರುವಷ್ಟು ಹೊತ್ತು ಹೊರಮೈಯು ಒಣಗದಿರಲೆಂದು. ಇಂಥ ವಿಷಯಗಳ ಸಂಶೋಧನೆಗೆಂದೇ ಬೆಂಗಳೂರಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಅರಣ್ಯ ಸಂಶೋಧನಾಲಯವು ಬೆಳೆದು 1988ರಲ್ಲಿ ಈ ರೂಪವನ್ನು ತಾಳಿತು.

ಮಾವನವರು ಬಿರುಕಿಗೆ ಕೂಡಲೆ ಲಪ್ಪ ತುಂಬಿಸಬೇಕೆಂದಿದ್ದರು. ಬೇಸಿಗೆಯಲ್ಲಿ ಪೂರ್ಣ ತೆರೆದ ಬಿರುಕಿಗೆ ಗಟ್ಟಿಯಾದದ್ದನ್ನು ತುರುಕಿದರೆ ಮಳೆಗಾಲದಲ್ಲಿ ಉಬ್ಬುವ ಮರಕ್ಕೆ ಎಡೆಯಿಲ್ಲದೆ ಮತ್ತೊಂದು ಕಡೆಗೆ ಒಡೆದೀತೆಂದು ಬಡಿಗನೂ ನಾನೂ ಹೇಳಿ ತಡೆದೆವು. ಆಷಾಢದಲ್ಲಿ ನಾನು ಮತ್ತೆ ಹೋದಾಗ ನಿಲುವಿನ ಬಿರುಕು ಅರ್ಧಕ್ಕರ್ಧ ಮುಚ್ಚಿಕೊಂಡಿತ್ತು. ಅತ್ತೆಯವರು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಬಡಿಗನ ಬಾಕಿಯು ಸಂದಿತ್ತು. ಸೀಳಿದ ಹಲಗೆಗಳನ್ನು ತೆಗೆದುಹಾಕಿ ಹೊಸ ಹಲಗೆಗಳನ್ನು ಸಂದಿನಲ್ಲಿ ಸಡಿಲಾಗಿ ಕೂಡಿಸುವದೆಂದು ಗೊತ್ತಾಗಿತ್ತು. ಆ ಹಲಗೆಗಳು ದನದ ಕೊಟ್ಟಿಗೆಯ ಅಟ್ಟದ ಮೇಲೆ, ತುದಿಗಳಿಗೆ ಡಾಂಬರು ಬಳಿದುಕೊಂಡು, ರಿಪುಗಳ ನಡುವೆ ಒರಗಿದ್ದವು. ಬರುವ ಯುಗಾದಿಯವರೆಗೆ ಅವುಗಳನ್ನು ಯಾರೂ ಮುಟ್ಟಕೂಡದೆಂದು ಮಾವನವರು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದರು.